ಹಾಯಿಯ ಹಗಲು, ಲಂಗರಿನ ಇರುಳು

(ಶತಮಾನೋತ್ಸವ ಉಪನ್ಯಾಸ ಮಾಲೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಮಾಡಿದ ಭಾಷಣದ ಬರಹರೂಪ)



ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ಈ ವೇದಿಕೆಯಲ್ಲಿದ್ದಾರೆ. ಸ್ಮರಣ ಸಂಪುಟದಲ್ಲಿಯೂ ಅದು ವಿವರವಾಗಿ ಬರಲಿದೆ. ಆದ್ದರಿಂದ ನಾವು ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅಧ್ಯಾಪಕರಿಗೆ ಹಬ್ಬದ ದಿನವೂ ಪಾಠ ಮಾಡುವ ಅಭ್ಯಾಸ ತಪ್ಪುವುದಿಲ್ಲವೆಂದು ತಾವು ನಗಬಹುದು. ಆದರೆ ಈ ಪಾಠ ನಮ್ಮ ಊರಿಗೆ ಸೇರಿದ್ದು; ನಮ್ಮ ಮಕ್ಕಳ ಅಜ್ಜಂದಿರಿಗೆ ತಿಳಿದಿದ್ದು, ಮಕ್ಕಳಿಗೆ ತಿಳಿಯದೆ ಹೋಗುತ್ತಿರುವುದು. ಹಾಯಿ ಬಿಚ್ಚಿ ಕರಾವಳಿಯ ಉದ್ದಕ್ಕೂ ಸಾಗಿ, ಇರುಳಿಗೆ ಲಂಗರು ಹಾಕಿ ನಿಲ್ಲುತ್ತಿದ್ದ ಹಡಗುಗಳ ವಿದ್ಯೆಯೇ ಇಂದಿನ ವಿಷಯ.

ನಮ್ಮ ಹಳೆಯ ಕಟ್ಟಡದ ಮಾಡಿಗೆ ಹೊದಿಸಿದ ಹೆಂಚುಗಳು ಮಂಗಳೂರಿನವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚು ಪಡುಗಡಲಿನ ಕರೆಯ ಊರೂರುಗಳಿಗೂ ಹಬ್ಬಿತು. ನಮ್ಮ ಶಾಲೆಯ ಹೆಂಚುಗಳು ಮಂಜಿಯಲ್ಲಿ ಬಂದು, ಅಳಿವೆಯೊಳಗೆ ಇಳಿದು, ಅಲ್ಲಿಂದ ತಲೆಹೊರೆಯಲ್ಲಿ ಗುಡ್ಡ ಹತ್ತಿದುವೆಂದು ಹಿರಿಯರು ಹೇಳುತ್ತಿದ್ದರು. ಇಂದು ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವ ಮಕ್ಕಳಿಗೆ ಈ ಮಾತು ಕಥೆಯಂತೆ ಕೇಳಿಸುತ್ತದೆ. ಆದರೆ ನದಿಗಳಿಗೆ ಸೇತುವೆಗಳಿಲ್ಲದ ಕಾಲದಲ್ಲಿ ಕಡಲೇ ನಮ್ಮ ಹೆದ್ದಾರಿಯಾಗಿತ್ತು.

ಈ ಮಾತಿನ ನಿಜ ತಿಳಿಯಲು ಭೂಪಟವನ್ನೊಮ್ಮೆ ನೋಡಿದರೆ ಸಾಕು. ಸಹ್ಯಾದ್ರಿಯು ಇಲ್ಲಿ ಸಮುದ್ರಕ್ಕೆ ಸಮೀಪವಾಗಿ ನಿಂತಿದೆ. ಅಲ್ಲಿ ಹುಟ್ಟಿದ ಹೊಳೆಗಳು ಹೆಚ್ಚು ದೂರ ಹರಿಯದೆ ಕಡಲನ್ನು ಸೇರುತ್ತವೆ. ಉತ್ತರದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಮುಂದೆ ಗಂಗೊಳ್ಳಿಯ ಪಂಚಗಂಗಾವಳಿ, ಸೀತಾ, ಸುವರ್ಣಾ, ಶಾಂಭವಿ, ಗುರುಪುರ, ನೇತ್ರಾವತಿ. ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ ಮೊದಲಾಗಿ ಕವ್ವಾಯಿಯವರೆಗೆ ಹನ್ನೆರಡು ಹೊಳೆಗಳನ್ನು ಎಣಿಸುತ್ತಾರೆ. ಇವುಗಳಲ್ಲಿ ಉದ್ದವಾದುದು 105 ಕಿಲೋಮೀಟರ್ ಹರಿಯುವ ಚಂದ್ರಗಿರಿ. ನೆಲದ ಮೇಲೆ ನಡೆಯುವವನಿಗೆ ಈ ಹೊಳೆಗಳು ಒಂದೊಂದೂ ಒಂದು ಅಡ್ಡಿ. ಕಡಲಿನಲ್ಲಿ ಹೋಗುವವನಿಗೆ ಒಂದೊಂದೂ ಒಂದು ತಂಗುದಾಣ. ನೆಲದವನು ಹೊಳೆಯ ದಂಡೆಯಲ್ಲಿ ಕಡವಿನ ದೋಣಿಗಾಗಿ ಕಾಯುತ್ತಿದ್ದಾಗ, ಕಡಲಿನವನು ಅದೇ ಹೊಳೆಯ ಅಳಿವೆಯಲ್ಲಿ ಲಂಗರು ಹಾಕಿ ಅನ್ನಕ್ಕೆ ನೀರಿಡುತ್ತಿದ್ದನು.

ಈ ಜಲಮಾರ್ಗ ಎಷ್ಟು ಹಳೆಯದೆಂಬುದಕ್ಕೆ ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾನ ಬರಹ ಸಾಕ್ಷಿಯಾಗಿದೆ. ಅವನು ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರುಗಳನ್ನು ಕಂಡವನು. ಬಾರಕೂರಿನಿಂದ ಮಂಗಳೂರಿಗೆ ಮೂರು ದಿನಗಳಲ್ಲಿ ತಲುಪಿದೆವೆಂದೂ, ಅಲ್ಲಿಂದ ಎರಡು ದಿನಗಳಲ್ಲಿ ಹೀಲಿ ಎಂಬ ಊರನ್ನು ಮುಟ್ಟಿದೆವೆಂದೂ ಅವನು ಬರೆದಿದ್ದಾನೆ. ಹೀಲಿ ಎಂದರೆ ನಮ್ಮ ತೆಂಕಣಕ್ಕಿರುವ ಏಳಿಮಲೆ. ಬಾರಕೂರಿನಿಂದ ಮಂಗಳೂರಿಗೆ ಕಡಲ ದಾರಿ ಸುಮಾರು 70 ಕಿಲೋಮೀಟರ್. ಮಂಗಳೂರಿನಿಂದ ಏಳಿಮಲೆಗೆ ಸುಮಾರು 100. ಇಷ್ಟು ಸಣ್ಣ ದೂರಕ್ಕೆ ಇಷ್ಟು ದಿನಗಳೇಕೆ ಬೇಕಾದುವು? ಕರಾವಳಿಯ ಹಡಗು ಎಡೆಬಿಡದೆ ಓಡುವುದಲ್ಲ. ಗಾಳಿ ಇದ್ದಾಗ ನಡೆದು, ಇಲ್ಲದಾಗ ನಿಂತು, ಬಂದರಿದ್ದಲ್ಲಿ ಇಳಿಸಿ, ಏರಿಸಿ ಸಾಗುವುದು ಅದರ ಕ್ರಮ. ಆ ಕೊನೆಯ ಎರಡು ದಿನಗಳಲ್ಲಿ ಅವನ ಹಡಗು ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಎದುರಿನ ನೀರಿನಲ್ಲಿಯೇ ಸಾಗಿರಬೇಕು. ಇದೇ ಪ್ರವಾಸಿಯು ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳನ್ನೂ ಗಂಡುಮಕ್ಕಳಿಗಾಗಿ 23 ಶಾಲೆಗಳನ್ನೂ ಕಂಡುದಾಗಿ ಬರೆದು, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಆಶ್ಚರ್ಯಪಟ್ಟಿದ್ದಾನೆ. ಹಡಗುಗಳು ತಂಗುವಲ್ಲಿ ಶಾಲೆಗಳೂ ಇದ್ದುವೆಂಬ ಈ ಮಾತನ್ನು ಓದಿದಾಗ, ಕಡಲತಡಿಯ ಶಾಲೆಯೊಂದರಲ್ಲಿ ದುಡಿಯುವ ನಮಗೆ ಆಗುವ ಸಂತೋಷವನ್ನು ತಾವು ಊಹಿಸಬಹುದು.

1514ರ ಹೊತ್ತಿಗೆ ಕುಂಬಳೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸಾ, ಇಲ್ಲಿಂದ ಮಾಲದ್ವೀಪಗಳಿಗೆ ಅಕ್ಕಿ ಹೋಗಿ, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದು ದಾಖಲಿಸಿದ್ದಾನೆ. ಅಕ್ಕಿ ಕೊಟ್ಟು ನಾರು ತರುವ ಈ ವ್ಯವಹಾರ ನಮ್ಮ ಅಜ್ಜಂದಿರ ಕಾಲದವರೆಗೂ ಬೇರೆ ರೂಪದಲ್ಲಿ ನಡೆಯಿತು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮೀನ್‌ದೀವಿ ದ್ವೀಪಗಳು 1956ರವರೆಗೆ ನಮ್ಮೊಡನೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವೆಂಬುದು ಇಂದಿನ ಮಕ್ಕಳಿಗೆ ಹೊಸ ಸಂಗತಿ. ಆ ವರ್ಷದ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದುವು. ಅಲ್ಲಿಯ ಓಡಂ ಎಂಬ ಹಾಯಿಹಡಗುಗಳು ನಾರು, ಕೊಬ್ಬರಿಗಳನ್ನು ತುಂಬಿಕೊಂಡು ಮಂಗಳೂರಿಗೆ ಬಂದು, ಅಕ್ಕಿಯನ್ನು ಕೊಂಡು ಮರಳುತ್ತಿದ್ದುವು.

ಈ ಹಡಗುಗಳ ರೂಪವನ್ನು ಈಗ ನೋಡೋಣ. ಮಚವೆ, ಮಂಜಿ, ಪತ್ತೇಮಾರಿ ಎಂದು ಗಾತ್ರ, ಆಕಾರಗಳಿಗೆ ತಕ್ಕಂತೆ ಹೆಸರುಗಳಿದ್ದುವು. ಮೈಗೆ ಸಹ್ಯಾದ್ರಿಯ ಸಾಗುವಾನಿ. ಕೂವೆಮರಕ್ಕೆ ಹೊನ್ನೆ ಜಾತಿಯ ನೇರವಾದ ಕಾಡುಮರ. ದ್ವೀಪದ ಓಡಂಗಳ ಹಲಗೆಗಳನ್ನು ಮೊಳೆ ಬಡಿಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಮರ ಹುಳು ತಿನ್ನದಂತೆ ಮೀನೆಣ್ಣೆ ಬಳಿಯುವುದು, ನೀರಿನೊಳಗಿರುವ ಅಡಿಭಾಗಕ್ಕೆ ಸುಣ್ಣ ಕೊಬ್ಬುಗಳ ಲೇಪ ಕೊಡುವುದು ವರ್ಷವರ್ಷದ ಕೆಲಸ. ಕೂವೆಮರಕ್ಕೆ ಓರೆಯಾಗಿ ಏರಿಸಿದ ಉದ್ದವಾದ ಮರಕ್ಕೆ ದೊಡ್ಡ ಹಾಯಿಯನ್ನು ಕಟ್ಟುತ್ತಿದ್ದರು. ಚೌಕ ಹಾಯಿ ಬೆನ್ನ ಹಿಂದಿನ ಗಾಳಿಗೆ ಮಾತ್ರ ಹೆಚ್ಚು ಉಪಯುಕ್ತ. ಈ ಓರೆ ಹಾಯಿಯಾದರೋ ಮಗ್ಗುಲಿನ ಗಾಳಿಯಿಂದಲೂ ಹಡಗನ್ನು ಮುಂದಕ್ಕೆ ಒಯ್ಯುತ್ತದೆ. ಉದ್ದವಾದ ಕರೆಯನ್ನು ಅನುಸರಿಸಿ ಹೋಗುವವರಿಗೆ ಗಾಳಿ ಬಹುತೇಕ ಮಗ್ಗುಲಿನಿಂದಲೇ ಬರುವುದರಿಂದ, ಈ ಹಾಯಿ ನಮ್ಮ ಕಡಲಿಗೆ ಒಗ್ಗಿದ ಹಾಯಿ.

ಹಡಗು ನಡೆಸುವವರಿಗೆ ಒಂದು ಪಂಚಾಂಗವಿತ್ತು. ಮುಂಗಾರಿನ ತಿಂಗಳುಗಳಲ್ಲಿ ಕಡಲು ಮುಚ್ಚಿದಂತೆಯೇ. ಹಡಗುಗಳು ದಡ ಸೇರಿ, ತೆಂಗಿನ ಗರಿಗಳ ಹೊದಿಕೆಯ ಕೆಳಗೆ ಮಲಗುತ್ತಿದ್ದುವು. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಮೊಗವೀರರು ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವುದನ್ನು ಇಂದಿಗೂ ಕಾಣುತ್ತೇವೆ. ಮಳೆಗಾಲದ ಅಬ್ಬರ ಇಳಿದ ಮೇಲೆ ಹೊರಟವರು ಮುಂದಿನ ಮುಂಗಾರಿನವರೆಗೆ ಕಡಲಿನ ಮೇಲೆ ಓಡಾಡುತ್ತಿದ್ದರು.

ಆ ತಿಂಗಳುಗಳಲ್ಲಿ ನಮ್ಮ ಕಡಲಿನ ಗಾಳಿಗೆ ದಿನಕ್ಕೆ ಎರಡು ಮುಖ. ಏಳನೆಯ ತರಗತಿಯ ಮಕ್ಕಳೂ ಇದರ ಕಾರಣವನ್ನು ಹೇಳಬಲ್ಲರು: ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ, ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಕಡಲಿನ ತಂಪು ಗಾಳಿ ಅತ್ತ ನುಗ್ಗುತ್ತದೆ, ಅದು ಪಡುಗಾಳಿ. ಇರುಳಿನಲ್ಲಿ ನೆಲ ತಣಿದಾಗ ಗಾಳಿ ಗುಡ್ಡಗಳ ಕಡೆಯಿಂದ ಕಡಲಿಗೆ ಇಳಿಯುತ್ತದೆ, ಅದು ಮೂಡುಗಾಳಿ. ಮೂಡುಗಾಳಿ ನಡುರಾತ್ರಿ ದಾಟಿದ ಮೇಲೆ ಬಲಗೊಂಡು, ಬೆಳಗಿನ ಹೊತ್ತೇರುವವರೆಗೂ ಇರುತ್ತದೆ. ಬಳಿಕ ಸ್ವಲ್ಪ ಹೊತ್ತು ಗಾಳಿಯೇ ಇಲ್ಲ. ಮಧ್ಯಾಹ್ನದ ವೇಳೆಗೆ ಪಡುವಣ-ಬಡಗಣ ಮೂಲೆಯಿಂದ ಕಡಲಗಾಳಿ ಹಿಡಿದು ಸಂಜೆಯವರೆಗೆ ಬೀಸಿ, ಹೊತ್ತು ಮುಳುಗಿದ ಮೇಲೆ ಮೆಲ್ಲನೆ ಸಾಯುತ್ತದೆ.

ತಂಡೇಲನ ದಿನಚರಿ ಈ ಗಾಳಿಗಳಿಗೆ ಕಟ್ಟುಬಿದ್ದದ್ದು. ಮಂಗಳೂರಿನಿಂದ ತೆಂಕಣಕ್ಕೆ ಹೋಗುವ ಮಂಜಿಗೆ ಮಧ್ಯಾಹ್ನದ ಕಡಲಗಾಳಿ ಬೆನ್ನಿನ ಕಡೆಯಿಂದ ಒದಗಿ ಬರುತ್ತಿತ್ತು. ಬಡಗಣಕ್ಕೆ ಹೋಗುವವರಿಗೆ ಅದೇ ಗಾಳಿ ಎದುರಾಗುವುದರಿಂದ ಅವರು ಬೆಳಗಿನ ಜಾವದ ಮೂಡುಗಾಳಿಯನ್ನು ಮಗ್ಗುಲಿಗೆ ಹಿಡಿದು ಸಾಗಿ, ಮಧ್ಯಾಹ್ನ ಗಾಳಿ ತಿರುಗಿದೊಡನೆ ಎಲ್ಲಿಯಾದರೂ ಲಂಗರು ಹಾಕಿ ಕಾಯುತ್ತಿದ್ದರು. ಒಬ್ಬನಿಗೆ ಅನುಕೂಲವಾದ ಗಾಳಿ ಇನ್ನೊಬ್ಬನಿಗೆ ಪ್ರತಿಕೂಲ. ಆದರೆ ಕಾಯಲು ತಿಳಿದವನಿಗೆ ಇಬ್ಬಗೆಯ ಗಾಳಿಯೂ ದಿನಕ್ಕೊಮ್ಮೆ ಬಂದೇ ಬರುತ್ತಿತ್ತು.

ಗಾಳಿಯ ಜೊತೆಗೆ ನೀರಿನ ಲೆಕ್ಕವೂ ಇದೆ. ನಮ್ಮ ಕರೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರನನ್ನು ಅನುಸರಿಸುವ ಈ ಚಕ್ರಕ್ಕೆ 24 ಗಂಟೆ 50 ನಿಮಿಷ ಬೇಕಾಗುವುದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಉಬ್ಬರ ಹೆಚ್ಚು. ಅಷ್ಟಮಿಯ ಹೊತ್ತಿಗೆ ಕಡಿಮೆ. ಶಾಲೆಯ ಮೆಟ್ಟಿಲು ಹತ್ತದ ತಂಡೇಲನೂ ತಿಥಿಯನ್ನು ಕೇಳಿ ಅಳಿವೆಯ ನೀರೆಷ್ಟೆಂದು ಹೇಳಬಲ್ಲವನಾಗಿದ್ದನು.

ಈ ಲೆಕ್ಕ ಏಕೆ ಮುಖ್ಯವೆಂದರೆ, ನಮ್ಮ ಹೊಳೆಗಳ ಬಾಯಲ್ಲಿ ಮರಳಿನ ದಿಬ್ಬಗಳಿವೆ. ಹೊಳೆ ತಂದ ಮರಳನ್ನು ಅಲೆಗಳು ಅಲ್ಲಿಯೇ ತಡೆದು ಕೂಡಿಹಾಕುತ್ತವೆ. ಮಳೆಗಾಲ ಮುಗಿಯುವಾಗ ಅಳಿವೆಯ ಬಾಗಿಲು ಒಂದು ಕಡೆ ಇದ್ದರೆ, ಮುಂದಿನ ವರ್ಷ ಇನ್ನೊಂದು ಕಡೆ. ಇಳಿತದ ವೇಳೆಯಲ್ಲಿ ಹೊರಗೆ ಹರಿಯುವ ಹೊಳೆಯ ಸೆಳೆತಕ್ಕೂ ಒಳಗೆ ನುಗ್ಗುವ ಕಡಲಿನ ತೆರೆಗೂ ಘರ್ಷಣೆಯಾಗಿ ದಿಬ್ಬದ ಮೇಲೆ ತೆರೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಆಗ ಒಳಹೋಗಲು ಯತ್ನಿಸಿದ ಹಡಗು ಅಡ್ಡ ತಿರುಗಿ ಮಗುಚಿಕೊಳ್ಳುವ ಭಯ. ಅರ್ಧ ಉಬ್ಬರ ದಾಟಿದ ಮೇಲೆ, ನೀರು ಇನ್ನೂ ಏರುತ್ತಿರುವಾಗಲೇ ಒಳಸೇರಬೇಕು. ಏರುವ ನೀರಿನಲ್ಲಿ ಅಡಿ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಉಬ್ಬರದವರೆಗೆ ಅಲ್ಲಿಯೇ ಸೆರೆ.

ಇನ್ನು ಇರುಳಿನ ಲಂಗರಿಗೆ ಬರೋಣ. ಲಂಗರೆಂದರೆ ಭಾರವಾದ ಕಬ್ಬಿಣ, ಆ ಭಾರವೇ ಹಡಗನ್ನು ಹಿಡಿದು ನಿಲ್ಲಿಸುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಭಾರ ಬೇಕು, ನಿಜ. ಆದರೆ ಹಿಡಿಯುವುದು ಭಾರವಲ್ಲ, ಕೊಕ್ಕೆ. ಲಂಗರಿನ ಕೊಕ್ಕೆ ಕೆಸರಿಗೋ ಮರಳಿಗೋ ನಾಟಿ ಕೂರಬೇಕು. ಅದು ನಾಟಬೇಕಾದರೆ ಹಗ್ಗದ ಸೆಳೆತ ಕಡಲ ತಳಕ್ಕೆ ಸಮಾನಾಂತರವಾಗಿರಬೇಕು. ಹಗ್ಗ ಗಿಡ್ಡವಾದರೆ ಸೆಳೆತ ಮೇಲ್ಮುಖವಾಗಿ, ನಾಟಿದ ಕೊಕ್ಕೆ ಕಿತ್ತು ಬರುತ್ತದೆ. ಹಗ್ಗ ಉದ್ದವಾದಷ್ಟೂ ಹಿಡಿತ ಗಟ್ಟಿ. ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕೆಂಬುದು ಇಂದಿಗೂ ಲೋಕದ ಹಾಯಿದೋಣಿಗಾರರೆಲ್ಲ ಒಪ್ಪುವ ನಿಯಮ.

ಇದನ್ನು ನಾವು ತರಗತಿಯಲ್ಲಿ ಲೆಕ್ಕವಾಗಿ ಕೊಡುವುದುಂಟು. ಲಂಗರು ಹಾಕುವಾಗ ನೀರಿನ ಆಳ 4 ಮೀಟರ್. ರಾತ್ರಿ ಉಬ್ಬರದಲ್ಲಿ ಇನ್ನೂ ಒಂದೂವರೆ ಮೀಟರ್ ಏರಲಿದೆ. ಹಗ್ಗ ಕಟ್ಟಿರುವ ಹಡಗಿನ ಮೂತಿ ನೀರಿನಿಂದ 1 ಮೀಟರ್ ಎತ್ತರದಲ್ಲಿದೆ. ಎಷ್ಟು ಹಗ್ಗ ಬಿಡಬೇಕು? ನಾಲ್ಕನ್ನು ಮಾತ್ರ ನೋಡಿ ಐದರಿಂದ ಗುಣಿಸಿದ ಮಗು 20 ಮೀಟರ್ ಎನ್ನುತ್ತದೆ. ಮೂರನ್ನೂ ಕೂಡಿದ ಮಗುವಿಗೆ ಆರೂವರೆ ಮೀಟರ್ ಬರುತ್ತದೆ. ಅದರ ಐದು ಪಟ್ಟು ಮೂವತ್ತೆರಡೂವರೆ, ಏಳು ಪಟ್ಟು ನಲವತ್ತೈದೂವರೆ. ಮೊದಲ ಲೆಕ್ಕದಂತೆ ಲಂಗರು ಹಾಕಿದವನ ಹಡಗು ಸಂಜೆ ನೆಮ್ಮದಿಯಿಂದ ನಿಂತು, ನಡುರಾತ್ರಿಯ ಉಬ್ಬರದಲ್ಲಿ ಗಾಳಿ ಬಲಗೊಂಡಾಗ ಜಾರಬಹುದು. ಗುಣಾಕಾರ ಇಬ್ಬರಿಗೂ ಬಂದಿದೆ. ವ್ಯತ್ಯಾಸವಾದುದು ಮುಂದೆ ಬರುವ ನೀರನ್ನು ಎಣಿಸುವುದರಲ್ಲಿ.

ತಂಗುವ ಸ್ಥಳದ ಆಯ್ಕೆಯೂ ಒಂದು ವಿದ್ಯೆ. ಮೊದಲು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಸಿ ಆಳವನ್ನು ಅಳೆಯುತ್ತಾರೆ. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿದ್ದರೆ ತಳದ ಮರಳೋ ಕೆಸರೋ ಅಂಟಿಕೊಂಡು ಮೇಲೆ ಬರುತ್ತದೆ. ಏನೂ ಅಂಟದೆ ಬಂದರೆ ಕೆಳಗೆ ಬಂಡೆಯಿರಬಹುದು. ಬಂಡೆಯ ಮೇಲೆ ಕೊಕ್ಕೆ ಹಿಡಿಯುವುದಿಲ್ಲ. ಸಂದಿನಲ್ಲಿ ಸಿಕ್ಕಿದರೆ ಮತ್ತೆ ಬಿಡುವುದಿಲ್ಲ. ಆಮೇಲೆ ಸುತ್ತಲಿನ ಬಯಲನ್ನು ನೋಡಬೇಕು. ನಲವತ್ತು ಮೀಟರ್ ಹಗ್ಗದ ತುದಿಯಲ್ಲಿರುವ ಹಡಗು ಗಾಳಿ ತಿರುಗಿದಂತೆ, ಹೊಳೆಯ ಸೆಳೆತ ಬದಲಾದಂತೆ ಲಂಗರನ್ನು ಕೇಂದ್ರವಾಗಿಟ್ಟು ದೊಡ್ಡ ವೃತ್ತವನ್ನೇ ಸುತ್ತುತ್ತದೆ. ಆ ವೃತ್ತದೊಳಗೆ ಬೇರೆ ಹಡಗಾಗಲಿ ಬಂಡೆಯಾಗಲಿ ಮರಳ ದಿಬ್ಬವಾಗಲಿ ಇರಬಾರದು. ಹೊಳೆಯೊಳಗೆ ಉಬ್ಬರ ಇಳಿತವಾಗಿ ತಿರುಗಿದಾಗ ಹಡಗಿನ ಮೂತಿಯೂ ಹಿಂದುಮುಂದಾಗುತ್ತದೆ. ಜಾಗ ಕಿರಿದಾದಲ್ಲಿ ಮುಂದೊಂದು, ಹಿಂದೊಂದು ಎಂದು ಎರಡು ಲಂಗರುಗಳನ್ನು ಹಾಕುವುದೂ ಇದೆ.

ಹೊಳೆಯೊಳಗೆ ಹೋಗಲಾಗದ ದಿನ ಬಯಲು ಕಡಲಿನಲ್ಲಿಯೇ, ಕರೆಗೆ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತಿದ್ದರು. ಅದು ಅಪಾಯವಲ್ಲವೇ ಎಂದರೆ, ಒಳ್ಳೆಯ ತಿಂಗಳುಗಳ ಇರುಳಿನಲ್ಲಿ ಮೂಡುಗಾಳಿ ಬೀಸುವುದರಿಂದ ಹಡಗು ನೆಲಕ್ಕೆ ಮುಖಮಾಡಿ, ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತದೆ. ಅಕಸ್ಮಾತ್ತಾಗಿ ಲಂಗರು ಜಾರಿದರೂ ಅದು ಸಾಗುವುದು ಆಳದ ಕಡೆಗೆ, ಬಂಡೆಯ ಕಡೆಗಲ್ಲ. ಎಚ್ಚೆತ್ತು ಹಾಯಿ ಏರಿಸಲು ಹೊತ್ತು ಸಿಗುತ್ತದೆ. ಹಗಲಿನ ಪಡುಗಾಳಿಗೆ ಜಾರಿದರೆ ಕರೆಗೇ ಬಡಿಯುವುದು. ಆದ್ದರಿಂದ ಒಂದೇ ಜಾಗ ಇರುಳಿಗೆ ಕ್ಷೇಮ, ಹಗಲಿಗೆ ಅಪಾಯ. ದ್ವೀಪಗಳ ಮರೆಯೂ ದೊಡ್ಡ ಆಸರೆ. ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಸಿಹಿನೀರು ಸಿಗುತ್ತಿದ್ದುದರಿಂದ ಹಡಗುಗಳು ಅಲ್ಲಿ ತಂಗುತ್ತಿದ್ದುವು. 1498ರಲ್ಲಿ ಹಿಂದಿರುಗುವಾಗ ವಾಸ್ಕೋ ಡ ಗಾಮನೂ ಹಡಗುಗಳ ದುರಸ್ತಿಗಾಗಿ ಅಲ್ಲಿಯೇ ಲಂಗರು ಹಾಕಿದ್ದನು.

ಲಂಗರು ಕೂತ ಮೇಲೆ ಕರೆಯ ಮೇಲೆ ಎರಡು ಗುರುತುಗಳನ್ನು ಹಿಡಿಯುತ್ತಾರೆ: ಒಂದು ಹತ್ತಿರದ ತೆಂಗಿನಮರ, ಅದರ ನೇರಕ್ಕೆ ಹಿಂದೆ ಒಂದು ಗುಡ್ಡದ ತಲೆ. ಎರಡೂ ಒಂದೇ ಗೆರೆಯಲ್ಲಿರುವವರೆಗೆ ಹಡಗು ನಿಂತಲ್ಲಿಯೇ ಇದೆ. ಗೆರೆ ತಪ್ಪಿ ಮತ್ತೆ ಕೂಡದಿದ್ದರೆ ಲಂಗರು ಜಾರಿದೆ ಎಂದರ್ಥ. ಕೂವೆಯ ಬಳಿ ಒಂದು ಬಿಳಿಯ ದೀಪ, ಸರದಿಯಂತೆ ಒಬ್ಬ ಖಲಾಸಿಯ ಎಚ್ಚರ, ಆಗಾಗ ಹಗ್ಗವನ್ನು ಕೈಯಿಂದ ಮುಟ್ಟಿ ನೋಡುವುದು—ತಳದಲ್ಲಿ ಲಂಗರು ಕಿತ್ತು ಕಿತ್ತು ಜಾರುತ್ತಿದ್ದರೆ ಆ ನಡುಕ ಹಗ್ಗದಲ್ಲಿ ತಿಳಿಯುತ್ತದೆ. ಎಲ್ಲರೂ ಮಲಗಬಹುದಾದರೆ ಅದು ಒಬ್ಬನು ಎಚ್ಚರವಾಗಿದ್ದುದರಿಂದ. ಬೆಳಗಿನ ಜಾವ ಮೂಡುಗಾಳಿಯೇ ಹಡಗನ್ನು ಕರೆಯಿಂದ ಹೊರಕ್ಕೆ ಒಯ್ಯುತ್ತಿತ್ತು, ಹುಟ್ಟುಗಳನ್ನು ಮುಟ್ಟಬೇಕಾಗಿರಲಿಲ್ಲ.

ಈ ಲೋಕ ನಿಧಾನವಾಗಿ ಮರೆಯಾಯಿತು. 1907ರ ಹೊತ್ತಿಗೆ ರೈಲು ಮಂಗಳೂರನ್ನು ಮುಟ್ಟಿತು. ಹೊಳೆಗಳಿಗೆ ಸೇತುವೆಗಳು ಬಂದುವು, ಲಾರಿಗಳು ಬಂದುವು, ದೋಣಿಗಳಿಗೆ ಯಂತ್ರ ಬಂದಿತು. ಪಣಂಬೂರಿನ ಹೊಸ ಬಂದರು 1974ರಲ್ಲಿ ಪ್ರಧಾನ ಬಂದರೆನಿಸಿತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದಾಗ ಕರಾವಳಿಯ ಉದ್ದಕ್ಕೂ ಕಬ್ಬಿಣದ ದಾರಿಯೇ ಆಯಿತು. ಮಂಗಳೂರಿನ ಹಳೆ ಬಂದರಿನ ಧಕ್ಕೆಯಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಈಗಲೂ ಇವೆ. ಆದರೆ ಅವನ್ನು ನಡೆಸುವುದು ಹಾಯಿಯಲ್ಲ, ಡೀಸೆಲ್. ಹೋದುದಕ್ಕಾಗಿ ಅಳುವುದು ನಮ್ಮ ಉದ್ದೇಶವಲ್ಲ. ಬಿರುಗಾಳಿಗೆ ಸಿಕ್ಕಿ ಮರಳದವರ ಮನೆಗಳು ಈ ಕರೆಯಲ್ಲಿ ಕಡಿಮೆಯಿರಲಿಲ್ಲ. ಯಂತ್ರ ಬಂದುದು ಅನೇಕರ ಪ್ರಾಣ ಉಳಿಸಿದೆ.

ಆದರೆ ವಿದ್ಯೆ ಹೋದರೆ ನಷ್ಟವೇ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡುಗಳ ಎಷ್ಟೋ ಮೀನುಗಾರರು ಮರಳಲಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರೆಯ ಮನೆಗಳನ್ನೇ ಕೊರೆದು ಹೋಯಿತು. ಇಂದು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಸರ್ವೆ ಆಫ್ ಇಂಡಿಯಾ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಕೈಯಲ್ಲಿ ಫೋನು ಇದೆ. ಆದರೆ ಅಲೆಯ ಎತ್ತರ, ಗಾಳಿಯ ವೇಗ, ಉಬ್ಬರದ ಸಮಯ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಚಿತ್ರ ಮೂಡಬೇಕು. ಆ ಚಿತ್ರ ಮೂಡಿಸುವುದು ಶಾಲೆಯ ಕೆಲಸ; ಮಗುವಿಗೆ ಗೊತ್ತಿರುವ ನುಡಿಯಲ್ಲಿ ಮೂಡಿಸುವುದು ನಮ್ಮಂಥ ಶಾಲೆಯ ಕೆಲಸ.

ನುಡಿಯ ಮಾತು ಬಂದಿತು. ಕಳೆದ ವರ್ಷ ನಮ್ಮ ಮಕ್ಕಳು ಮನೆಮನೆಗೆ ಹೋಗಿ ಕಡಲಿನ ಮಾತುಗಳನ್ನು ಸಂಗ್ರಹಿಸಿದರು. ಅವರ ಪಟ್ಟಿ ನಮ್ಮ ಊರಿನದೇ ಚಿತ್ರವಾಗಿತ್ತು. ದೋಣಿ, ಹಡಗು, ಹುಟ್ಟು, ಅಳಿವೆ ನಮ್ಮ ನೆಲದ ಮಾತುಗಳು. ಲಂಗರು, ಬಂದರುಗಳು ಪಾರಸಿಯಿಂದ, ಖಲಾಸಿ ಅರಬಿಯಿಂದ ಬಂದುವು. ಮೊಗವೀರರ ಮನೆಯಲ್ಲಿ ತುಳುವಿನ ಹೆಸರು, ಬ್ಯಾರಿಗಳ ಮನೆಯಲ್ಲಿ ಬೇರೆ, ಕೊಂಕಣಿ, ಮಲಯಾಳಗಳ ಮನೆಗಳಲ್ಲಿ ಮತ್ತೆ ಬೇರೆ. ದ್ವೀಪದವರು ನಕ್ಷತ್ರ ನೋಡಿ ದಾರಿ ಹೇಳುವವನನ್ನು ಮಾಲ್ಮಿ ಎನ್ನುತ್ತಾರೆ. ಅರಬಿಯ ಮುಅಲ್ಲಿಂ ಎಂಬುದು ಅದರ ಮೂಲ, ಅರ್ಥ, ಅಧ್ಯಾಪಕ. ಕಾಸರಗೋಡಿನಲ್ಲಿ ನಿಂತು ನೋಡಿದರೆ ಧ್ರುವನಕ್ಷತ್ರ ದಿಗಂತದಿಂದ ಸುಮಾರು ಹನ್ನೆರಡೂವರೆ ಡಿಗ್ರಿ ಎತ್ತರದಲ್ಲಿದೆ. ತೆಂಕಣದ ದ್ವೀಪಗಳಿಗೆ ಹೋದಂತೆ ಅದು ಇಳಿಯುತ್ತದೆ. ಗಂಟು ಹಾಕಿದ ದಾರ ಮತ್ತು ಸಣ್ಣ ಹಲಗೆಯಿಂದ ಆ ಎತ್ತರವನ್ನು ಅಳೆದು ದಾರಿ ತೋರುವವನನ್ನು ಜನ ಅಧ್ಯಾಪಕನೆಂದೇ ಕರೆದರು. ನಮ್ಮ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾವು ಕಾಣೆವು.

ಹೆಣ್ಣುಮಕ್ಕಳಿಗೆ ಒಂದು ಮಾತು. ಕಡಲು ಗಂಡಸರದೆಂದು ಹಿಂದೆ ಹೇಳುತ್ತಿದ್ದರು. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ತಾರಿಣಿ ಎಂಬ ಹಾಯಿನೌಕೆಯಲ್ಲಿ ನೌಕಾಪಡೆಯ ಆರು ಮಂದಿ ಅಧಿಕಾರಿಣಿಯರು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಿನಲ್ಲಿ ಮರಳಿದರು. ಅದೇ ನೌಕೆಯಲ್ಲಿ 2024-25ರಲ್ಲಿ ಇಬ್ಬರೇ, ಕಲ್ಲಿಕೋಟೆಯ ದಿಲ್ನಾ ಮತ್ತು ಅವರ ಸಂಗಾತಿ ರೂಪಾ, ಭೂಪ್ರದಕ್ಷಿಣೆ ಮುಗಿಸಿದರು. ಕಲ್ಲಿಕೋಟೆ ನಮಗೆ ದೂರವಲ್ಲ.

ಮಾನ್ಯರೇ, ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ಹಿಂದಿನಂತಿಲ್ಲವೆಂಬುದು ಈ ಸಭೆಯಲ್ಲಿರುವ ಎಲ್ಲರಿಗೂ ತಿಳಿದಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಆ ವಿಧಿ ಲಂಗರಿನ 'ಭಾರ'ದಂತೆ, ಅದು ಬೇಕು. ಆದರೆ ಕೊಕ್ಕೆ ನಾಟುವುದು ನಮ್ಮ ಮನೆಗಳಲ್ಲಿ. ಕನ್ನಡ ಕಲಿತರೆ ಮಗು ಇಲ್ಲಿಯೇ ಕಟ್ಟಿಬಿದ್ದಂತಾಗುವುದೆಂದು ಹೆದರುವ ಪೋಷಕರಿದ್ದಾರೆ. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಲಯಾಳವೂ ಇಂಗ್ಲಿಷೂ ಚೆನ್ನಾಗಿ ಬರಬೇಕು; ಅದನ್ನು ಕಲಿಸುವ ಹೊಣೆ ನಮ್ಮದು. ಆದರೆ ಉದ್ದನೆಯ ಹಗ್ಗದಲ್ಲಿ ನಿಂತ ಹಡಗು ಸೆರೆಯಲ್ಲಿರುವ ಹಡಗಲ್ಲ. ಬೆಳಗಿನ ಗಾಳಿಗೆ ಹೊರಡಲು ಸಿದ್ಧವಾಗಿರುವ ಹಡಗು.

ಕೊನೆಯದಾಗಿ ಮೂರು ಬಿನ್ನಹಗಳು. ಹಾಯಿಯ ಕಾಲವನ್ನು ಕಂಡ ತಂಡೇಲರು ಈ ಊರುಗಳಲ್ಲಿ ಕೆಲವರೇ ಉಳಿದಿದ್ದಾರೆ. ಹಳೆ ವಿದ್ಯಾರ್ಥಿಗಳು ಈ ವರ್ಷವೇ ಅವರ ಬಳಿ ಕುಳಿತು ಅವರ ಮಾತುಗಳನ್ನು ಅವರದೇ ನುಡಿಯಲ್ಲಿ ಧ್ವನಿಮುದ್ರಿಸಿಕೊಡಬೇಕು. ಶಾಲೆಯ ಗ್ರಂಥಾಲಯ ಅವನ್ನು ಕಾಪಾಡುವುದು. ಕಡಲತಡಿಯ ಶಾಲೆಯಲ್ಲಿ ಈಜು ಬಾರದ ಮಗು ಇರಬಾರದು. ಇದಕ್ಕೆ ಪೋಷಕರು ಒಪ್ಪಿಗೆಯನ್ನೂ ಊರಿನ ಈಜುಗಾರರು ಸಮಯವನ್ನೂ ಕೊಡಬೇಕು. ಅಧ್ಯಾಪಕ ಮಿತ್ರರು ಪ್ರತಿದಿನದ ಉಬ್ಬರ, ಇಳಿತಗಳ ಸಮಯವನ್ನು ತಿಥಿಯೊಡನೆ ಶಾಲೆಯ ಕಪ್ಪುಹಲಗೆಯ ಮೂಲೆಯಲ್ಲಿ ಬರೆಸಬೇಕು. ಒಂದು ವರ್ಷದಲ್ಲಿ ಮಕ್ಕಳು ಚಂದ್ರನನ್ನೂ ಕಡಲನ್ನೂ ಒಟ್ಟಿಗೆ ಓದಲು ಕಲಿಯುತ್ತಾರೆ.

ಈ ಶಾಲೆಯನ್ನು ಕಟ್ಟಿದವರು ಮುಂದೆ ಏರುವ ನೀರನ್ನು ಎಣಿಸಿ ಹಗ್ಗ ಬಿಟ್ಟಿದ್ದರು; ಆದ್ದರಿಂದ ನೂರು ಮಳೆಗಾಲಗಳನ್ನು ದಾಟಿ ನಾವು ಇಲ್ಲಿ ಸೇರಿದ್ದೇವೆ. ಮುಂದಿನವರಿಗಾಗಿ ನಾವೂ ಹಾಗೆಯೇ ಎಣಿಸೋಣ.